ಕೇಳುವುದಕ್ಕಾಗಿ ಕಟ್ಟಿದ ಮನೆ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ದಾರಿ ನನಗೆ ಹೊಸದಲ್ಲ. ಪರೀಕ್ಷೆಯ ಕೆಲಸಕ್ಕೆಂದೋ, ಸಾಹಿತ್ಯಗೋಷ್ಠಿಗೆಂದೋ, ಬಂಧುಗಳ ಮದುವೆಗೆಂದೋ ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೇನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆಯಿಂದ ಹಸಿರಾಗಿ ನಿಂತ ಬತ್ತದ ಗದ್ದೆಗಳು ಹಿಂದೆ ಸರಿದಂತೆ ಜೋಳ, ತೊಗರಿ, ಹತ್ತಿಗಳ ಎರೆಹೊಲಗಳು ಕಣ್ಣಿಗೆ ಬೀಳುತ್ತವೆ. ಎರೆಯ ನಡುವೆ ಅಲ್ಲಲ್ಲಿ ಯಾರೋ ಕೈಯಿಂದ ಒಟ್ಟಿದಂತೆ ಬೋಳುಗಲ್ಲಿನ ಗುಡ್ಡಗಳು ಏಳುತ್ತವೆ. ಈ ದಾರಿಯ ಪಕ್ಕದ ಊರೊಂದರಲ್ಲಿ ಕಲ್ಲಿನ ಗೋಡೆಯ, ಹೆಂಚಿನ ಮಾಡಿನ ಒಂದು ಪುಟ್ಟ ಮೆಥಡಿಸ್ಟ್ ಚರ್ಚು ಇರುವುದನ್ನೂ ಬಸ್ಸಿನ ಕಿಟಕಿಯಿಂದ ನೋಡಿದ್ದೆನು. ನೋಡಿದ್ದೆನೇ ಹೊರತು ಇಳಿದು ಒಳಗೆ ಹೋದವನಲ್ಲ.

ಹೋಗುವ ಸಂದರ್ಭ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದಿದ ಹುಡುಗ. ಈಗ ತಾನೇ ಶಾಲಾ ಶಿಕ್ಷಕ. ಒಂದು ಸಂಜೆ ಫೋನು ಮಾಡಿ, “ಸರ್, ನಮ್ಮ ಚರ್ಚು ಕೆಡವಿ ಹೊಸದು ಕಟ್ಟಬೇಕಂತ ಮಾಡ್ಯಾರ್ರಿ. ಬಾಗಲ ಮುಂದಿನ ಕಲ್ಲಿಗೆ ಬರಸಾಕ ನಾಕು ಸಾಲು ಬೇಕಾಗ್ಯಾವ. ನೀವ ಬರದು ಕೊಡಬೇಕು” ಎಂದನು. ನೋಡದ ಕಟ್ಟಡಕ್ಕೆ ಬರೆಯುವುದು ಹೇಗೆ? ಮುಂದಿನ ಭಾನುವಾರ ಬರುತ್ತೇನೆಂದು ಒಪ್ಪಿಕೊಂಡೆನು. ಕೆಡವಬೇಕೋ ಉಳಿಸಬೇಕೋ ಎಂಬ ವಿಚಾರ ಆ ಸಭೆಯವರಲ್ಲಿ ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಊರಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ವಾಚಕರು ಮನ್ನಿಸಬೇಕು.

ಆ ಭಾನುವಾರ ಬೆಳಗ್ಗೆ ಬಸ್ಸು ಮಸ್ಕಿಯಲ್ಲಿ ನಿಂತಾಗ, ಕಲ್ಲಿಗೆ ಬರೆಸುವ ಮಾತು ತಲೆಯಲ್ಲಿದ್ದುದರಿಂದಲೋ ಏನೋ, ಅಲ್ಲಿನ ಅಶೋಕನ ಶಾಸನ ನೆನಪಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬವನು ಈ ಶಾಸನವನ್ನು ಕಂಡುಹಿಡಿದನು. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ತಿಳಿದಿದ್ದ ಚಕ್ರವರ್ತಿ ಅಶೋಕನೇ ಎಂಬುದು, ಅವನ ಹೆಸರನ್ನೇ ಹೊತ್ತ ಈ ಬಂಡೆಯಿಂದ ಖಚಿತವಾಯಿತು. ಧರ್ಮದ ಮಾತನ್ನು ಜನರಿಗೆ ತಲಪಿಸಬೇಕೆಂದು ಅರಸನು ಕಲ್ಲಿನಲ್ಲಿ ಕೊರೆಯಿಸಿದನು. ಆದರೆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲು ಉಳಿಯಿತು, ಅದನ್ನು ಓದಬಲ್ಲವರು ಉಳಿಯಲಿಲ್ಲ. ಕೊರೆದ ಮಾತು ಎರಡು ಸಾವಿರ ವರ್ಷಕ್ಕೂ ಮೀರಿ ಮೂಕವಾಗಿಯೇ ಇದ್ದಿತು. ಕಲ್ಲು ಗಟ್ಟಿಯೋ ಮಾತು ಗಟ್ಟಿಯೋ ಎಂಬ ಪ್ರಶ್ನೆಯನ್ನು ಮಸ್ಕಿಯಷ್ಟು ಚೆನ್ನಾಗಿ ಕೇಳುವ ಸ್ಥಳ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ನಾನು ಚರ್ಚಿನ ಊರಿನಲ್ಲಿ ಇಳಿದೆನು.

ಅಲೆದಾಡಿದವನ ನೆಲೆ

ಆ ಕಟ್ಟಡವನ್ನು ವರ್ಣಿಸುವ ಮೊದಲು ಮೆಥಡಿಸ್ಟರು ಯಾರೆಂಬುದನ್ನು ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿ ಇದ್ದನು. 1703ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡನು. ಅವನೂ ಅವನ ತಮ್ಮ ಚಾರ್ಲ್ಸನೂ ಅವರ ಗೆಳೆಯರೂ ಆಕ್ಸ್‌ಫರ್ಡಿನಲ್ಲಿ ವ್ರತನಿಯಮಗಳನ್ನು ಅತಿ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದುದರಿಂದ, ಉಳಿದವರು ಹಾಸ್ಯಕ್ಕಾಗಿ ಇಟ್ಟ ಅಡ್ಡಹೆಸರು ‘ಮೆಥಡಿಸ್ಟ್’. ಕ್ರಮಬದ್ಧರು ಎಂದು ಅರ್ಥ. ಅಡ್ಡಹೆಸರೇ ಮುಂದೆ ಅಂಕಿತನಾಮವಾಯಿತು. ಚರ್ಚುಗಳ ಬಾಗಿಲು ತನಗೆ ಮುಚ್ಚಿದಾಗ ವೆಸ್ಲಿ 1739ರಲ್ಲಿ ಬ್ರಿಸ್ಟಲ್ ನಗರದ ಹೊರಗೆ ಬಯಲಿನಲ್ಲಿ ನಿಂತು ಉಪದೇಶ ಮಾಡಿದನು. ಕೇಳಿದವರಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳು ಬಹುಮಂದಿ. ಅಲ್ಲಿಂದ ಸಾಯುವವರೆಗೆ ಅವನದು ಸಂಚಾರವೇ. ಒಟ್ಟು ಸುಮಾರು ಎರಡೂವರೆ ಲಕ್ಷ ಮೈಲಿ, ಬಹುಪಾಲು ಕುದುರೆಯ ಮೇಲೆ, ತಿರುಗಿದನೆಂದು ಅವನ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ.

ಕನ್ನಡಿಗರಾದ ನಮಗೆ ಇದು ಅಪರಿಚಿತ ಚಿತ್ರವಲ್ಲ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಎದುರುಬದುರಾಗಿ ನಿಲ್ಲಿಸಿ ವಿಚಾರಮಾಡಿದ ಶರಣರ ನಾಡು ಇದು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು ಹುಟ್ಟಿ ಹಾಡಿದ್ದು ಇದೇ ರಾಯಚೂರು ಸೀಮೆಯಲ್ಲಿ. ತಂಬೂರಿ ಹಿಡಿದು ಬೀದಿಯಲ್ಲಿ ನಿಂತು ಹಾಡಿದ ದಾಸನಿಗೂ ಗಣಿಯ ಬಾಯಲ್ಲಿ ನಿಂತು ನುಡಿದ ವೆಸ್ಲಿಗೂ ತತ್ತ್ವದಲ್ಲಿ ಎಷ್ಟೇ ದೂರವಿರಲಿ, ಜನರ ಬಳಿಗೆ ತಾವೇ ನಡೆದುಹೋದ ರೀತಿಯಲ್ಲಿ ಹತ್ತಿರವಿದೆ. ವೆಸ್ಲಿಯ ತಮ್ಮ ಚಾರ್ಲ್ಸನೂ ಹಾಡುಗಾರನೇ; ಅವನು ರಚಿಸಿದ ಕೀರ್ತನೆಗಳು ಆರು ಸಾವಿರಕ್ಕೂ ಹೆಚ್ಚು.

ಜಂಗಮನಿಗೂ ಮಳೆಗಾಲದಲ್ಲಿ ಒಂದು ಸೂರು ಬೇಕಾಗುತ್ತದೆ. ಬಯಲಿನಲ್ಲಿ ಕೇಳಿದವರಿಗಾಗಿ ವೆಸ್ಲಿ ಮೊದಲು ಕಟ್ಟಿಸಿದ್ದು 1739ರಲ್ಲಿ ಬ್ರಿಸ್ಟಲಿನ ‘ನ್ಯೂ ರೂಮ್’, ಎಂದರೆ ಹೊಸ ಕೋಣೆ. ಹೆಸರಿನಲ್ಲಿಯೇ ಎಷ್ಟು ವಿನಯ! ಇಂತಹ ಕಟ್ಟಡಗಳನ್ನು ಅವನು ಚರ್ಚು ಎನ್ನದೆ ಉಪದೇಶದ ಮನೆ ಎಂದು ಕರೆಯುತ್ತಿದ್ದನು. ಕಟ್ಟುವ ವಿಧಾನಕ್ಕೂ ನಿಯಮಗಳನ್ನು ಮಾಡಿದನು. ಮನೆ ಸರಳವಾಗಿರಬೇಕು, ಮರ್ಯಾದೆಯಾಗಿರಬೇಕು. ಅನಿವಾರ್ಯವಾದುದಕ್ಕಿಂತ ಹೆಚ್ಚು ಹಣ ಖರ್ಚಾಗಬಾರದು. ಯಾರಿಗೂ ಕಾದಿರಿಸಿದ ಪೀಠವಿರಬಾರದು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡಬೇಕು. ನಿವೇಶನ ಅನುಕೂಲವಾಗಿದ್ದರೆ ಎಂಟು ಮೂಲೆಯ ಆಕಾರ ಲೇಸು. ಹೇಳುವವನಿಗೂ ಕೇಳುವವರಿಗೂ ಅಂತರ ಕಡಿಮೆಯಾಗುತ್ತದೆ. ಯಾರ್ಕ್‌ಷೈರಿನ ಹೆಪ್ಟನ್‌ಸ್ಟಾಲ್ ಎಂಬ ಹಳ್ಳಿಯಲ್ಲಿ 1764ರಲ್ಲಿ ಕಟ್ಟಿದ ಅಂತಹ ಅಷ್ಟಕೋನದ ಮನೆ ಇಂದಿಗೂ ಇದೆ.

ಹಣ ಹೆಚ್ಚು ಖರ್ಚುಮಾಡಬಾರದೆಂಬ ನಿಯಮಕ್ಕೆ ವೆಸ್ಲಿ ಕೊಟ್ಟ ಕಾರಣ ಕೇವಲ ಮಿತವ್ಯಯವಲ್ಲ. ಕಟ್ಟಡ ದುಬಾರಿಯಾದರೆ ಶ್ರೀಮಂತರು ನಮಗೆ ಅನಿವಾರ್ಯರಾಗುತ್ತಾರೆ. ಅನಿವಾರ್ಯರಾದ ಮೇಲೆ ಅವರ ಮಾತನ್ನು ನಾವು ಕೇಳಬೇಕಾಗುತ್ತದೆ ಎಂಬುದು ಅವನ ಭಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮ್ಮ ಊರಿನಲ್ಲಿ ಬೇರೆ ವೇಷದಲ್ಲಿ ಎದುರಾಗಲಿದೆ.

ಈ ಸೀಮೆಗೆ ಬಂದ ಬಗೆ

ಕನ್ನಡನಾಡಿಗೆ ಮೆಥಡಿಸ್ಟರು ಎರಡು ದಾರಿಯಿಂದ ಬಂದರು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿಗೆ ಬಂದಿತು. 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿ ಕನ್ನಡದ ಕೆಲಸಕ್ಕೆ ಕೈಹಾಕಿತು. ಬೆಂಗಳೂರಿನ ಅವರ ಮುದ್ರಣಾಲಯ, ಮುಂದೆ ಮೈಸೂರಿನ ವೆಸ್ಲಿ ಪ್ರೆಸ್, ‘ವೃತ್ತಾಂತ ಪತ್ರಿಕೆ’ ಇವುಗಳ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಎರಡನೆಯ ದಾರಿ ಅಮೆರಿಕದ್ದು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ಎಂಬ ಅಮೆರಿಕನ್ ಮೆಥಡಿಸ್ಟ್ ಪ್ರಸಂಗಿ ನಮ್ಮ ದಕ್ಷಿಣದ ನಗರಗಳಲ್ಲಿ ಸಭೆಗಳನ್ನು ಕೂಡಿಸಿದನು. ಮೊದಮೊದಲು ಅವು ಇಂಗ್ಲಿಷ್ ಬಲ್ಲವರ ಸಭೆಗಳು. ರೈಲಿನ ನೌಕರರು, ಛಾವಣಿಯ ಜನ, ಸಣ್ಣ ಅಧಿಕಾರಿಗಳು ಅವುಗಳ ಸದಸ್ಯರು. ಮುಂಬಯಿ, ಮದರಾಸುಗಳ ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿದ್ದವು. ಕಲಬುರಗಿ, ಬೀದರ, ರಾಯಚೂರುಗಳ ನಿಜಾಮ ಸೀಮೆಯಲ್ಲಿ ಅಮೆರಿಕನ್ ಮೆಥಡಿಸ್ಟರ ಕೆಲಸ ಕಾಲಕ್ರಮದಲ್ಲಿ ಹಳ್ಳಿಗಳಿಗೆ ಇಳಿಯಿತು. ಅಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ಊರ ಹೊರಗಿನ ಕೇರಿಗಳ ಜನ.

ಒಂದು ಸಂಗತಿಯನ್ನು ಇಲ್ಲಿ ಸ್ಪಷ್ಟಪಡಿಸಬಹುದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಎಂದರೆ ಸಿ.ಎಸ್.ಐ. ಸ್ಥಾಪನೆಯಾದಾಗ ಮೈಸೂರು ಸೀಮೆಯ ವೆಸ್ಲಿಯನ್ನರು ಅದರಲ್ಲಿ ಲೀನರಾದರು. ಅಮೆರಿಕನ್ ಪರಂಪರೆಯವರು ಸೇರಲಿಲ್ಲ. 1981ರಲ್ಲಿ ಇವರದು ‘ಭಾರತ ಮೆಥಡಿಸ್ಟ್ ಸಭೆ’ ಎಂಬ ಸ್ವತಂತ್ರ ಸಂಸ್ಥೆಯಾಯಿತು. ತುಮಕೂರು, ಮೈಸೂರುಗಳಲ್ಲಿ ಸಭೆಯ ಹೆಸರಿನಿಂದ ಮರೆಯಾದ ‘ಮೆಥಡಿಸ್ಟ್’ ಪದ ಬೀದರ, ಕಲಬುರಗಿ, ರಾಯಚೂರುಗಳ ಫಲಕಗಳಲ್ಲಿ ಇನ್ನೂ ಉಳಿದಿರುವುದಕ್ಕೆ ಇದೇ ಕಾರಣ.

ಲಿಂಗಸುಗೂರಿನ ಕಥೆ ಬೇರೆಯೇ. ಅದು ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. ಖರ್ಚು ನಿಜಾಮನದು, ಅಧಿಕಾರ ಬ್ರಿಟಿಷರದು. 1853ರಲ್ಲಿ ರಾಯಚೂರು ದೋ‌ಆಬ್ ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಸೈನ್ಯ ಹೊರಟದ್ದು ಇದೇ ಛಾವಣಿಯಿಂದ. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಛಾವಣಿಯ ದೊರೆಗಳು ದೇವರನ್ನು ಇಂಗ್ಲಿಷಿನಲ್ಲಿ ಸ್ತುತಿಸಿದರು. ದಂಡು ಹೋದಮೇಲೆ ಆ ಸ್ತುತಿಯೂ ಹೋಯಿತು. ಕನ್ನಡದಲ್ಲಿ ಸ್ತುತಿಸಿದವರು ಉಳಿದುಕೊಂಡರು.

ಹಾಗೆ ಉಳಿದವರಲ್ಲಿ ಬಹು ಹಿರಿಯರು ಪಕ್ಕದ ಮುದಗಲ್ಲಿನ ಕ್ಯಾಥೋಲಿಕರು. ಮೆಥಡಿಸಂ ಹುಟ್ಟುವುದಕ್ಕೆ ಎಷ್ಟೋ ಮೊದಲು, ಬಿಜಾಪುರದ ಆದಿಲಶಾಹಿಗಳ ಆಳಿಕೆಯಲ್ಲಿ, ಗೋವೆಯಿಂದ ಬಂದ ಪಾದ್ರಿಗಳಿಂದ ಆ ಸಭೆ ಆರಂಭವಾಯಿತು. ಸುರಪುರದಲ್ಲಿ ಬಹುಕಾಲ ಇದ್ದ ಮೆಡೋಸ್ ಟೇಲರನು ಚಾಂದಬೀಬಿಯ ಕಾಲವನ್ನು ಕುರಿತು ಬರೆದು, ಅವನ ಮರಣಾನಂತರ 1878ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರೂ ಬರುತ್ತಾರೆ. ಮೊಹರಮ್ಮಿಗೆ ಹೆಸರಾದ ಊರಿನಲ್ಲಿ, ಕೋಟೆಯ ನೆರಳಿನಲ್ಲಿ, ಇಗರ್ಜಿಯೂ ಶತಮಾನಗಳಿಂದ ಬಾಳಿದೆ. ಈ ಸೀಮೆಗೆ ಕ್ರೈಸ್ತಧರ್ಮ ನೆನ್ನೆ ಮೊನ್ನೆ ಬಂದುದೆಂದು ತಿಳಿಯುವವರು ಒಮ್ಮೆ ಮುದಗಲ್ಲನ್ನು ನೋಡಬೇಕು.

ಗೋಡೆ, ಕಮಾನು, ಮಾಡು

ಇನ್ನು ನಾನು ನೋಡಹೋದ ಚರ್ಚು. ಆರಾಧನೆ ಮುಗಿದು ಜನ ಚದುರುವ ಹೊತ್ತಿಗೆ ನಾನು ಮುಟ್ಟಿದ್ದೆನು. ನನ್ನ ಶಿಷ್ಯನೂ ಸಭಾಪಾಲಕರೂ ಬರಮಾಡಿಕೊಂಡರು. ಕಟ್ಟಡ ದೊಡ್ಡದಲ್ಲ. ಉದ್ದನೆಯ ಒಂದೇ ಅಂಕಣ. ಮುಂದೆ ಚಿಕ್ಕ ಕಟಾಂಜನದ ಪಡಸಾಲೆ. ಅದರ ಮೇಲೆ ಗಂಟೆ ತೂಗಿದ ಕಲ್ಲಿನ ಸಣ್ಣ ಗೂಡು. ಹೊರಗೋಡೆ ಈ ಸೀಮೆಯ ಬೂದುಬಣ್ಣದ ಕಲ್ಲು, ಒಳಗೆ ಸುಣ್ಣದ ಗಾರೆ. ಗೋಡೆಯ ದಪ್ಪ ಒಂದು ಮೊಳಕ್ಕೂ ಹೆಚ್ಚು. ಎರೆಮಣ್ಣಿನ ನಾಡಿನಲ್ಲಿ ಮನೆ ಕಟ್ಟುವುದು ಸುಲಭವಲ್ಲ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ಕುಳಿತ ಗೋಡೆಯೂ ಜೊತೆಗೆ ಬಿರಿಯುತ್ತದೆ. ಗರಸು ಸಿಗುವವರೆಗೆ ಅಗೆದು ಬುನಾದಿ ಹಾಕಿದರೆ ಮಾತ್ರ ಕಟ್ಟಡ ನಿಲ್ಲುತ್ತದೆ. ಈ ಚರ್ಚಿನ ಗೋಡೆಯಲ್ಲಿ ಹೇಳಿಕೊಳ್ಳುವಂತಹ ಬಿರುಕು ಒಂದೂ ಇಲ್ಲ. ಅಗೆದವರು ಅವಸರಪಡಲಿಲ್ಲವೆಂದು ಅದೇ ಸಾಕ್ಷಿ ಹೇಳುತ್ತದೆ.

ಕಿಟಕಿಗಳ ಮೇಲಿನ ಕಮಾನು ಚೂಪಾದುದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಮೆಥಡಿಸ್ಟರು ವೆಸ್ಲಿಯ ಸಾದಾ ಮನೆಗಳನ್ನು ಬಿಟ್ಟು ಗಾಥಿಕ್ ಶೈಲಿಗೆ ಒಲಿದರು. ಎಫ್. ಜೆ. ಜಾಬ್ಸನ್ ಎಂಬ ಪಾದ್ರಿ 1850ರಲ್ಲಿ ಆ ಶೈಲಿಯ ಪರವಾಗಿ ಒಂದು ಪುಸ್ತಕವನ್ನೇ ಬರೆದನು. ಅಲ್ಲಿಂದ ಚೂಪು ಕಮಾನು ಲೋಕದ ಮೂಲೆಮೂಲೆಯ ಮೆಥಡಿಸ್ಟ್ ಚರ್ಚುಗಳಿಗೆ ಹಬ್ಬಿತು. ಆದರೆ ಈ ಕಮಾನಿನ ಕಲ್ಲುಗಳನ್ನು ಬೆರಳಿನಿಂದ ಸವರುತ್ತ ನನಗೆ ಇನ್ನೊಂದು ವಿಚಾರ ಹೊಳೆಯಿತು. ಮಿಷನರಿ ಕಾಗದದ ಮೇಲೆ ಬರೆದುಕೊಟ್ಟಿದ್ದು ಗಾಥಿಕ್ ಕಮಾನೇ ಇರಬಹುದು. ಅದನ್ನು ಕಲ್ಲಿನಲ್ಲಿ ಕಟ್ಟಿದ ಉಪ್ಪಾರನೋ ಕಲ್ಲುಕುಟಿಗನೋ ಅದಕ್ಕಾಗಿ ಹೊಸ ವಿದ್ಯೆ ಕಲಿಯಬೇಕಾಗಿರಲಿಲ್ಲ. ಮುದಗಲ್ಲು, ರಾಯಚೂರು, ಬಿಜಾಪುರಗಳ ಕೋಟೆ, ಮಸೀದಿ, ದರ್ಗಾಗಳಲ್ಲಿ ಅವನ ಹಿರಿಯರು ಚೂಪು ಕಮಾನನ್ನು ನೂರಾರು ವರ್ಷಗಳಿಂದ ಏರಿಸುತ್ತಲೇ ಬಂದಿದ್ದರು. ಬರೆದವನ ಕಣ್ಣಿನಲ್ಲಿ ಇಂಗ್ಲೆಂಡು, ಕಟ್ಟಿದವನ ಕೈಯಲ್ಲಿ ಬಿಜಾಪುರ. ಎರಡೂ ಒಂದೇ ಕಲ್ಲಿನಲ್ಲಿ ಜಗಳವಿಲ್ಲದೆ ಕೂಡಿವೆ.

ಪರಕೀಯವಾಗಿ ಕಾಣುವುದು ಮಾಡು. ಈ ಕಡೆಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಮಳೆ ಕಡಿಮೆ, ಬಿಸಿಲು ಹೆಚ್ಚಾದ ನಾಡಿಗೆ ಅದೇ ತಕ್ಕದ್ದು. ಚರ್ಚಿಗೋ ಇಳಿಜಾರಿನ ಮಾಡು, ಅದರ ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಉದ್ಯೋಗದ ಫಲ ಎರೆಸೀಮೆಯವರೆಗೂ ಬಂದಿದೆ. ಮಳೆಯಿಲ್ಲದ ಊರಿಗೆ ಇಳಿಜಾರಿನ ಮಾಡೇಕೆ? ಒಳಗೆ ಕಾಲಿಟ್ಟಾಗ ಉತ್ತರ ಸಿಕ್ಕಿತು. ಮಣ್ಣಿನ ಮಾಳಿಗೆ ಬಲು ಭಾರ. ಅದನ್ನು ಹೊರಲು ಪ್ರತಿ ಅಂಕಣಕ್ಕೂ ಕಂಬ ಬೇಕು. ಹೆಂಚಿನ ಮಾಡನ್ನು ಕತ್ತರಿಯಾಕಾರದ ಮರದ ಚೌಕಟ್ಟುಗಳು ಗೋಡೆಯಿಂದ ಗೋಡೆಗೆ ಹೊತ್ತು ನಿಲ್ಲುತ್ತವೆ. ನಡುವೆ ಒಂದು ಕಂಬವೂ ಇಲ್ಲ. ಎಲ್ಲಿ ಕುಳಿತವನಿಗೂ ಪ್ರಸಂಗಪೀಠ ಕಾಣುತ್ತದೆ. ಎಲ್ಲಿ ಕುಳಿತವಳಿಗೂ ಅಲ್ಲಿನ ಮಾತು ಕೇಳುತ್ತದೆ.

ಇದೇ ಈ ಕಟ್ಟಡದ ಜೀವ. ನಮ್ಮ ದೇವಾಲಯ ದರ್ಶನಕ್ಕಾಗಿ ಕಟ್ಟಿದ್ದು. ಬೆಳಕಿನಿಂದ ಮುಖಮಂಟಪಕ್ಕೆ, ಕಂಬಗಳ ನೆರಳಿನ ನವರಂಗಕ್ಕೆ, ಅಲ್ಲಿಂದ ಗರ್ಭಗುಡಿಯ ಕತ್ತಲೆಗೆ ಭಕ್ತನ ಕಣ್ಣು ನಡೆಯುತ್ತದೆ. ದೀಪದ ಬೆಳಕಿನಲ್ಲಿ ಕ್ಷಣಮಾತ್ರ ಮೂರ್ತಿ ಕಾಣುತ್ತದೆ. ಮಸೀದಿ ದಿಕ್ಕಿಗಾಗಿ ಕಟ್ಟಿದ್ದು. ಸಾಲುಗಟ್ಟಿ ನಿಂತವರೆಲ್ಲರ ಮುಖ ಒಂದೇ ಕಡೆಗೆ ತಿರುಗುತ್ತದೆ. ಕ್ಯಾಥೋಲಿಕ್ ಇಗರ್ಜಿಯಲ್ಲಿ ಎಲ್ಲ ರೇಖೆಗಳೂ ಬಲಿಪೀಠದತ್ತ ಸೇರುತ್ತವೆ. ಮೆಥಡಿಸ್ಟರ ಮನೆಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಒಂದು ಮರದ ಪ್ರಸಂಗಪೀಠ, ಕರ್ತನ ಭೋಜನದ ಮೇಜು, ಅದರ ಮುಂದೆ ಮೊಣಕಾಲೂರುವ ಕಟಕಟೆ, ಒಂದು ಶಿಲುಬೆ. ಅದು ಕೇಳುವುದಕ್ಕಾಗಿ ಕಟ್ಟಿದ ಮನೆ. ನೆಲದ ಮೇಲೆ ಜಮಖಾನೆ, ಎಡಗಡೆ ಹೆಂಗಸರು, ಬಲಗಡೆ ಗಂಡಸರು, ಚಪ್ಪಲಿ ಹೊರಗೆ. ಇಂಗ್ಲೆಂಡಿನ ಮೆಥಡಿಸ್ಟರು ಎಂದೋ ಕೈಬಿಟ್ಟ ವೆಸ್ಲಿಯ ಆಸನನಿಯಮ, ನಮ್ಮ ಹಳ್ಳಿಯ ರೂಢಿಯೊಡನೆ ಬೆರೆತು, ಇಲ್ಲಿ ಬದುಕಿಕೊಂಡಿರುವುದು ಸ್ವಾರಸ್ಯದ ಸಂಗತಿ.

ಕೇಳಿಸಿದ ಭಾಷೆ ಯಾವುದು ಎಂಬುದು ಮತ್ತೂ ಮುಖ್ಯ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ಹೊತ್ತಿಗೆ ಸಂಪೂರ್ಣ ಬೈಬಲು ಕನ್ನಡಕ್ಕೆ ಬಂದಿತ್ತು. ನಿಜಾಮನ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು; ಮೇಲಿನ ಶಾಲೆಗಳ ಭಾಷೆಯೂ ಉರ್ದು. ಕನ್ನಡ ಓದಬೇಕೆಂದವನು ಹರಕೆ ಹೊತ್ತವನಂತೆ ಓದಬೇಕಾಗಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಈ ಭಾಗದ ಕನ್ನಡಿಗರಿಗಾದ ಉತ್ಸಾಹಕ್ಕೆ ಇದೇ ಹಿನ್ನೆಲೆ. ಅಂತಹ ಕಾಲದಲ್ಲಿ ಪ್ರತಿ ಭಾನುವಾರ ಅಚ್ಚಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಕೋಣೆ, ಅದೂ ಅಕ್ಷರದ ಹತ್ತಿರಕ್ಕೆ ಬರಗೊಡದ ಕೇರಿಯ ಜನರಿಗಾಗಿ, ಇದ್ದಿತೆಂಬುದನ್ನು ನಮ್ಮ ಕನ್ನಡದ ಚರಿತ್ರೆ ಬರೆಯುವವರು ಮರೆಯಬಾರದು. ವಾರದ ದಿನಗಳಲ್ಲಿ ಇದೇ ಕೋಣೆ ಶಾಲೆಯೂ ಆಗಿತ್ತಂತೆ. ನನ್ನ ಶಿಷ್ಯನ ಅಜ್ಜ ಕನ್ನಡ ಅಕ್ಷರ ತಿದ್ದಿದ್ದು ಇಲ್ಲಿಯೇ. ಆ ಅಜ್ಜನ ಮೊಮ್ಮಗ ನನ್ನ ಮುಂದೆ ಕುಳಿತು ಪಂಪನನ್ನು ಓದಿದನು.

ಹೊಸ್ತಿಲು

ಕೆಡವಬೇಕೆನ್ನುವವರ ಕಾರಣಗಳು ಹುಸಿಯಲ್ಲ. ತೊಲೆಗಳಿಗೆ ಗೆದ್ದಲು ಹತ್ತಿದೆ. ಹೆಂಚು ಒಡೆದು ಮಳೆಗಾಲದಲ್ಲಿ ಜಮಖಾನೆ ಸುತ್ತಿಡಬೇಕಾಗುತ್ತದೆ. ಇಪ್ಪತ್ತು ಮನೆಗಳಿಗೆಂದು ಕಟ್ಟಿದ ಕೋಣೆಗೆ ಇಂದು ನೂರು ಮನೆಗಳವರು ಬರುತ್ತಾರೆ. ಹಬ್ಬದ ದಿನ ಅರ್ಧ ಜನ ಬಿಸಿಲಿನಲ್ಲಿ ನಿಲ್ಲುತ್ತಾರೆ. ಇಷ್ಟರಲ್ಲಿ, ಊರು ಬಿಟ್ಟು ಹೋಗಿ ಏಳಿಗೆಹೊಂದಿದ ದಾನಿಯೊಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಹಳೆಯದಿರುವ ಜಾಗದಲ್ಲಿಯೇ, ರಸ್ತೆಗೆ ಎದುರಾಗಿ, ಎತ್ತರದ ಗೋಪುರದ ಕಾಂಕ್ರೀಟು ಕಟ್ಟಡ ಏಳಬೇಕು. ಬಾಗಿಲ ಮುಂದೆ ಹೆಸರಿನ ಕಲ್ಲು ನಿಲ್ಲಬೇಕು ಎಂಬುದು ಅವರ ಅಪೇಕ್ಷೆ. ನನ್ನಿಂದ ಬರೆಸಬೇಕೆಂದಿದ್ದ ನಾಲ್ಕು ಸಾಲು ಆ ಕಲ್ಲಿಗೇ. ನನಗೆ ವೆಸ್ಲಿಯ ಭಯ ನೆನಪಾಯಿತು. ದಾನಿಯ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅನಿವಾರ್ಯರಾದವರ ಮಾತು ಹೇಗೆ ಆಜ್ಞೆಯಾಗುತ್ತದೆಂಬುದನ್ನು ಮುದುಕ ವೆಸ್ಲಿ ಚೆನ್ನಾಗಿ ಬಲ್ಲವನಾಗಿದ್ದನು.

ನಾನು ಹಳೆಯ ಕಟ್ಟಡಗಳ ಪಕ್ಷಪಾತಿ. ಅಲ್ಲಿಯೇ ನಿಂತು ಚೂಪು ಕಮಾನು, ಕಲ್ಲುಗೆಲಸ, ಪರಂಪರೆ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆನು. ಹಿರಿಯರು ಮರ್ಯಾದೆಯಿಂದ ಕೇಳಿದರು. ಪಡಸಾಲೆಯ ಕಟ್ಟೆಯ ಮೇಲ್ಗಡೆ ಗೋಡೆಗೊರಗಿ ಕುಳಿತಿದ್ದ ಮುದುಕಿಯೊಬ್ಬಳು ಮಾತ್ರ ನಕ್ಕಳು. ವಯಸ್ಸು ಎಂಬತ್ತು ಮೀರಿರಬೇಕು.

“ಕಮಾನು ಗಿಮಾನು ನನಗ ತಿಳಿಯಂಗಿಲ್ಲ ಬಿಡಪಾ ಮಾಸ್ತರ” ಎಂದಳು. “ನಮ್ಮವ್ವ ಹೇಳ್ತಿದ್ಲು. ಆಗೆಲ್ಲ ಗುಡ್ಯಾಗ ನಮ್ಮನ್ನ ಬಿಡತಿದ್ದಿಲ್ಲ. ದೂರ ನಿಂತು ಕೈ ಮುಗೀಬೇಕಿತ್ತು. ಮೊದಲನೇ ಸಲ ಈ ಹೊಸ್ತಿಲ ದಾಟೂ ಮುಂದ ಆಕಿ ಕಾಲು ನಡುಗಿದ್ವಂತ. ಯಾರರ ಬೈತಾರೇನಂತ ಹಿಂದಕ ಹೊಳ್ಳಿ ನೋಡಿದ್ಲಂತ. ಯಾರೂ ಬೈಲಿಲ್ಲ. ಒಳಗ ಹೋಗಿ ಕುಂತ್ಲಂತ.”

ನಾನು ಆ ಹೊಸ್ತಿಲನ್ನು ನೋಡಿದೆನು. ಒಂದೇ ಉದ್ದಗಲ್ಲು, ನಡುವೆ ಸವೆದು ತಗ್ಗಾಗಿದೆ. ಕಮಾನನ್ನು ಕಂಡ ನನ್ನ ಕಣ್ಣಿಗೆ ಕಾಲಕೆಳಗಿನ ಕಲ್ಲು ಕಂಡಿರಲಿಲ್ಲ. ಈ ಕಟ್ಟಡದ ಅತಿ ದೊಡ್ಡ ಶಿಲ್ಪ ಅದೇ ಎಂಬುದನ್ನು ಓದುಬಾರದ ಮುದುಕಿ ನನಗೆ ತೋರಿಸಿಕೊಟ್ಟಳು. ಹೊಸ್ತಿಲು ದಾಟಿದ ಮಾತ್ರಕ್ಕೆ ಜಾತಿಯ ನೋವೆಲ್ಲ ಹೊರಗೆ ಉಳಿಯಿತೆಂದಲ್ಲ. ಅದು ಅಷ್ಟು ಸುಲಭವಾಗಿ ಬಿಡುವ ರೋಗವಲ್ಲ. ಆದರೂ ಒಳಗೆ ಬಂದು ಕುಳಿತುಕೋ ಎಂದು ಒಂದು ಕಲ್ಲು ಹೇಳಿತು. ಅದು ಸಣ್ಣ ಮಾತಲ್ಲ.

“ಹಂಗಾದ್ರ ಇದನ್ನ ಕೆಡವಬಾರದೇನು ಅಜ್ಜಿ?” ಎಂದು ಕೇಳಿದೆನು.

“ಅದೇನೋ ನನಗ ಗೊತ್ತಿಲ್ಲ. ನನ್ನ ಮಗಳ ಊರಾಗ ಹೊಸ ಚರ್ಚು ಕಟ್ಯಾರ. ಅರಮನಿ ಆಗೈತಿ. ಮೈಕು ಹಾಕ್ಯಾರ. ಅಲ್ಲಿ ಕುಂತ್ರ ಬರೇ ಗುಂಯ್ ಅಂತದ. ಪಾದ್ರಿ ಏನ ಓದಿದಾ ಒಂದೂ ತಿಳೀಲಿಲ್ಲ. ನನಗ ಕೇಳಬೇಕು, ಅಷ್ಟ.”

ಸಭಾಪಾಲಕರು ನಗುತ್ತ, “ಪರೀಕ್ಷೆ ಮಾಡಿಯೇ ನೋಡಿರಿ” ಎಂದು ನನ್ನನ್ನು ಪ್ರಸಂಗಪೀಠದ ಬಳಿ ನಿಲ್ಲಿಸಿ ಸತ್ಯವೇದವನ್ನು ಕೈಗಿತ್ತರು. ಮುದುಕಿ ಕೊನೆಯ ಗೋಡೆಯ ಹತ್ತಿರ ಹೋಗಿ ಕುಳಿತಳು. ತರಗತಿಯ ಧ್ವನಿಯನ್ನು ಬಿಟ್ಟು, ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿಯೇ ಕೆಲವು ವಾಕ್ಯಗಳನ್ನು ಓದಿದೆನು. ಓದಿ ನಿಲ್ಲಿಸಿದಾಗ ಅವಳು ಅದೇ ವಾಕ್ಯಗಳನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದಳು. ಅವಳಿಗೆ ಅವು ಮೊದಲೇ ಬಾಯಿಗೆ ಬರುತ್ತಿದ್ದವೋ, ನನ್ನ ಓದಿನಿಂದಲೇ ಕೇಳಿದಳೋ ನಾನು ಕೇಳಲಿಲ್ಲ. ಹಾಗೆ ಬಾಯಿಗೆ ಬಂದದ್ದೂ ಈ ಗೋಡೆಗಳ ನಡುವೆ ಕೇಳಿಯೇ ಅಲ್ಲವೇ?

ಇದರಲ್ಲಿ ಪವಾಡವೇನೂ ಇಲ್ಲ. ಬಿಜಾಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವಾರು ಸಲ ಮರುದನಿಗೊಡುವುದನ್ನು ಎಲ್ಲರೂ ಕೇಳಿ ಆನಂದಿಸಿದ್ದಾರೆ; ಅಲ್ಲಿ ನಿಂತು ಯಾರೂ ಒಂದು ಪ್ರವಚನವನ್ನು ಕೇಳಲಾರರು. ಗಟ್ಟಿಯಾದ, ನುಣುಪಾದ, ಎತ್ತರವಾದ ಮೈಗಳು ಧ್ವನಿಯನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ. ಕಾಂಕ್ರೀಟಿನ ಚಾವಣಿ, ನುಣ್ಣನೆಯ ಬಂಡೆಯ ನೆಲ, ಎತ್ತರದ ಬೋಳುಗೋಡೆ ಸೇರಿದಲ್ಲಿ ಆಗುವುದು ಇದೇ. ಹಳೆಯ ಕೋಣೆಯಲ್ಲಿ ಮರದ ಚೌಕಟ್ಟು, ಹೆಂಚಿನ ಸಂದು, ಗಾರೆಯ ಒರಟು, ನೆಲದ ಜಮಖಾನೆ, ಒತ್ತಾಗಿ ಕುಳಿತ ಜನ ಎಲ್ಲವೂ ಹೆಚ್ಚಾದ ಧ್ವನಿಯನ್ನು ಹೀರಿಕೊಂಡು ಮಾತನ್ನು ಮಾತಾಗಿಯೇ ಉಳಿಸುತ್ತವೆ.

ಊಟವಾದ ಮೇಲೆ ಹಿರಿಯರೊಡನೆ ಬಹಳ ಹೊತ್ತು ಕುಳಿತೆವು. ನಾನು ಎಂಜಿನಿಯರನಲ್ಲ, ತೋಚಿದ್ದನ್ನು ಹೇಳಿದೆನು. ಗೋಡೆ ಗಟ್ಟಿಯಾಗಿದೆ. ಗೆದ್ದಲು ಹಿಡಿದ ತೊಲೆಗಳನ್ನಷ್ಟೇ ಬದಲಿಸಿ ಹೆಂಚು ಹೊಸದಾಗಿ ಹೊದಿಸಬಹುದು. ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಕೆಡುತ್ತದೆ; ಸುಣ್ಣಕ್ಕೆ ಸುಣ್ಣವೇ ಆಗಬೇಕು. ಹಿಂದುಗಡೆ ಬಯಲಿದೆ, ದೊಡ್ಡ ಸಭೆಗೆ ಬೇಕಾದ ಹೊಸ ಮನೆಯನ್ನು ಅಲ್ಲಿ ಕಟ್ಟಬಹುದು. ಹೇಗೆ ಕಟ್ಟಿದರೂ ಕೊನೆಯ ಸಾಲಿನ ಅಜ್ಜಿಗೆ ಮೈಕಿಲ್ಲದೆ ಕೇಳಿಸುತ್ತದೆಯೇ ಎಂದು ಮೊದಲು ವಿಚಾರಿಸಿರಿ. ಕೊನೆಗೆ ಕೆಡವುವುದೇ ಆದರೆ ಆ ಹೊಸ್ತಿಲನ್ನು ಎತ್ತಿ ಹೊಸ ಬಾಗಿಲಿಗೆ ಹಾಕಿರಿ.

ಸಭಾಪಾಲಕರು ಎಲ್ಲವನ್ನೂ ಬರೆದುಕೊಂಡರು. “ಹಣ ಬರುವುದು ಇದನ್ನು ತೆಗೆದು ಇಲ್ಲಿಯೇ ಕಟ್ಟಿದರೆ ಮಾತ್ರ. ಜನ ಬಡವರು. ನಮ್ಮ ಕಷ್ಟವೂ ತಮಗೆ ತಿಳಿದಿರಲಿ” ಎಂದು ಮೆಲ್ಲನೆ ಹೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸುಗ್ಗಿಯ ಸ್ತೋತ್ರದ ಹಬ್ಬ ಕಳೆದ ಮೇಲೆ ಸಭೆಯವರೆಲ್ಲ ಕೂಡಿ ತೀರ್ಮಾನಿಸುವರಂತೆ.

ಮರಳುವಾಗ ಬಸ್ಸು ಮತ್ತೆ ಮಸ್ಕಿಯಲ್ಲಿ ನಿಂತಿತು. ಶಿಷ್ಯನಿಗೆ ಕೊಡಬೇಕಾದ ನಾಲ್ಕು ಸಾಲು ಇನ್ನೂ ನನ್ನ ಮೇಲೆ ಸಾಲವಾಗಿಯೇ ಇದೆ. ಹಳೆಯ ಕಟ್ಟಡದಲ್ಲಿ ನಾನು ಎಷ್ಟು ಹುಡುಕಿದರೂ ಕಟ್ಟಿದವರ ಹೆಸರು ಎಲ್ಲಿಯೂ ಸಿಗಲಿಲ್ಲ. ಕಲ್ಲು ಹೊತ್ತವರ ಹೆಸರು ಕಲ್ಲಿನಲ್ಲಿ ಇಲ್ಲ. ಅವರು ನಡೆದ ಗುರುತು ಹೊಸ್ತಿಲಿನ ತಗ್ಗಿನಲ್ಲಿದೆ. ಅದಕ್ಕಿಂತ ಚೆನ್ನಾದ ಶಾಸನವನ್ನು ಕನ್ನಡದ ಅಧ್ಯಾಪಕನೊಬ್ಬನು ಹೇಗೆ ಬರೆದಾನು?